ಹತ್ತು ಹರ್ಡಲ್‌ಗಳ ಲೆಕ್ಕ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ. ಕ್ಷಮಿಸಬೇಕು, ನಾನು ಓಟದ ಬಗ್ಗೆ ಮಾತಾಡುತ್ತೇನೆ. ಓಟದಲ್ಲಿ ನಾನು ಯಾವಾಗಲೂ ಕೊನೆಯವನೇ, ಅದು ನನ್ನ ಬ್ಯಾಚಿನವರಿಗೆ ಗೊತ್ತು.

ಜಪಾನಿನಲ್ಲಿ ಕೈರಿನ್ ಎಂಬ ಸೈಕಲ್ ಪಂದ್ಯವಿದೆ. 1948ರಲ್ಲಿ ಶುರುವಾಯಿತು. ಅದರ ತರಬೇತಿ ಶಾಲೆಗೆ ಸೈಕಲ್ ಪಂದ್ಯ ಮಾಡದವರನ್ನೂ ದೇಹಬಲ ಪರೀಕ್ಷಿಸಿ ಸೇರಿಸಿಕೊಳ್ಳುತ್ತಾರೆ. ಹರ್ಡಲ್ಸ್ ಓಡಿದವರೂ ಹಾಗೆ ಹೋಗಿ ಸೈಕಲ್ಲಿನಿಂದಲೇ ಜೀವನ ಮಾಡಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮವರೇ ಆದ ಅಶ್ವಿನಿ ಅಕ್ಕುಂಜಿ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಡಿಕೆ ಬೆಳೆಗಾರರ ಮನೆ ಮಗಳು. ಮೊದಲು 400 ಮೀಟರ್ ಓಟಗಾರ್ತಿ. 2010ರ ದೆಹಲಿ ಕಾಮನ್‌ವೆಲ್ತ್ ರಿಲೇಯಲ್ಲಿ ಮೂರನೆಯವರಾಗಿ ಓಡಿ, ಮುಂದಿದ್ದ ನೈಜೀರಿಯಾದವರನ್ನು ಹಿಂದೆ ಹಾಕಿದರು. ಚಿನ್ನ ಬಂತು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು 56.15 ಸೆಕೆಂಡಿನಲ್ಲಿ ಗೆದ್ದರು. ಎರಡನೆಯವರು ಚೀನಾ, ಮೂರನೆಯವರು ಜಪಾನ್. 1986ರಲ್ಲಿ ಪಿ.ಟಿ. ಉಷಾ ಗೆದ್ದ ಮೇಲೆ ಈ ಚಿನ್ನ ನಮಗೆ ಸಿಕ್ಕಿರಲಿಲ್ಲ.

ಎರಡೂ 400 ಮೀಟರೇ ತಾನೇ ಅನ್ನಬೇಡಿ. ಹತ್ತು ಹರ್ಡಲ್. ಮೊದಲನೆಯದಕ್ಕೆ 45 ಮೀಟರ್, ಆಮೇಲೆ 35 ಮೀಟರಿಗೊಂದು, ಕೊನೆಗೆ 40. ಕೂಡಿಸಿ ನೋಡಿ, ಸರಿಯಾಗುತ್ತದೆ. ಎರಡು ಹರ್ಡಲ್‌ಗಳ ನಡುವೆ ಹೆಜ್ಜೆ ಬೆಸ ಸಂಖ್ಯೆಯಾದರೆ, ಹದಿನೈದೋ ಹದಿನೇಳೋ, ಪ್ರತಿ ಸಲ ಅದೇ ಕಾಲು ಮುಂದೆ ಬರುತ್ತದೆ. ಸಮವಾದರೆ ಕಾಲು ಬದಲು. ಕೊನೆಯಲ್ಲಿ ದಣಿವಾಗಿ ಹೆಜ್ಜೆ ಗಿಡ್ಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ಬರೀ ಓಡುವವರಿಗೆ ಈ ತಾಪತ್ರಯವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ 2011ರಲ್ಲಿ ಅವರ ಮಾದರಿಯಲ್ಲಿ ನಿಷೇಧಿತ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಬಂತು ಎಂದರು. ಒಂದು ವರ್ಷದ ನಿಷೇಧ, ಮೇಲ್ಮನವಿಯಲ್ಲಿ ಎರಡಾಯಿತು. ಲಂಡನ್ ಒಲಿಂಪಿಕ್ಸ್ ಹೋಯಿತು. ತಿಳಿದು ಮಾಡಿದರೋ ಇಲ್ಲವೋ, ನಾನು ತೀರ್ಪು ಹೇಳುವವನಲ್ಲ. ನಿಯಮ ಕೇಳುವುದು ಒಂದೇ: ನಿನ್ನ ದೇಹದೊಳಗೆ ಹೋದದ್ದಕ್ಕೆ ನೀನೇ ಹೊಣೆ. ಮಕ್ಕಳೇ, ದೊಡ್ಡವರು ಕೊಟ್ಟರು ಎಂದು ಯಾವ ಗುಳಿಗೆಯನ್ನೂ ನುಂಗಬೇಡಿ. ಏನಿದು ಅಂತ ಕೇಳಿ. ನಿಷೇಧ ಮುಗಿದ ಮೇಲೆ ಅವರು ಮತ್ತೆ ಟ್ರ್ಯಾಕಿಗೆ ಬಂದರು ಎನ್ನುವುದನ್ನೂ ಹೇಳಬೇಕು.

ನಮ್ಮ ಬ್ಯಾಚಿನಲ್ಲಿ ಒಬ್ಬಳಿದ್ದಳು. ಹೆಸರು ಬೇಡ, ಇಲ್ಲೇ ಕುಳಿತಿದ್ದಾಳೆ. ಗಂಡುಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಓಡಲೇ ಇಲ್ಲ. ಯಾರೂ ಬೇಡ ಅನ್ನಲಿಲ್ಲವಂತೆ, ಓಡು ಅಂತಲೂ ಯಾರೂ ಅನ್ನಲಿಲ್ಲವಂತೆ. ಈಗ ಅವಳ ಮಗಳು ಎಂಟನೇ ತರಗತಿ.

ನಿನ್ನೆ ಸಂಜೆ ನಾವು ನಾಲ್ವರು ಟೇಪು ಹಿಡಿದು ಮೈದಾನ ಅಳೆದೆವು. ಧ್ವಜಕಟ್ಟೆಯಿಂದ ಮೂಲೆಗೆ ಹಿಡಿದರೆ ಎರಡು ಹರ್ಡಲ್‌ಗೆ ಜಾಗವಿದೆ. ಅವನ್ನು ನಮ್ಮ ಬ್ಯಾಚು ಮಾಡಿಸಿಕೊಡುತ್ತದೆ. ಎತ್ತರ ಎರಡೂವರೆ ಅಡಿ. ಪಾದಗಳು ಓಡಿ ಬರುವವರ ಕಡೆಗಿರಬೇಕು, ಕಾಲು ತಾಗಿದರೆ ಮುಂದಕ್ಕೆ ಬೀಳಬೇಕು. ಬಡಗಿಯವರಿಗೆ ಇದನ್ನು ಎರಡು ಸಲ ಹೇಳಿದ್ದೇನೆ.