ಗಾಜಿನಾಚೆಯ ಚಿತ್ರ



ಮಧ್ಯಾಹ್ನದ ಬಿಸಿಲಲ್ಲಿ ಅಬಿಡ್ಸ್‌ನ ಬಟ್ಟೆ ಅಂಗಡಿಯೊಂದರ ಗಾಜಿನೊಳಗಿನ ಸೀರೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ. ಸೀರೆಗಿಂತ ಮೊದಲು ಕಾಣುವುದು ರಸ್ತೆಯ ಆಟೋಗಳು, ಜೊತೆಗೆ ಮೊಬೈಲ್ ಹಿಡಿದು ನಿಂತ ನೀವು! ಅದೇ ಅಂಗಡಿಗೆ ರಾತ್ರಿ ಎಂಟಕ್ಕೆ ಹೋಗಿ. ಒಳಗೆ ದೀಪ, ಹೊರಗೆ ಕತ್ತಲು. ಸೀರೆಯ ಅಂಚು ಕೂಡ ಸ್ಪಷ್ಟ.

ಗಾಜು ಬದಲಾಗಲಿಲ್ಲ, ಬೆಳಕು ಬದಲಾಯಿತು. ಸಾಧಾರಣ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 8 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ನಾವು ನಿಂತ ಕಡೆ ಬೆಳಕು ಹೆಚ್ಚಿದ್ದರೆ ಆ 8 ಪಾಲೇ ಒಳಗಿನ ಚಿತ್ರವನ್ನು ನುಂಗಿಬಿಡುತ್ತದೆ. ಆದ್ದರಿಂದ ಸೂತ್ರ ಒಂದೇ: ನಮ್ಮ ಕಡೆ ಕತ್ತಲು ಮಾಡಿಕೊಳ್ಳಬೇಕು.

ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಸುತ್ತ ಕಪ್ಪು ಬಟ್ಟೆ ಇಲ್ಲವೇ ಅಂಗೈ ಮರೆ ಮಾಡಿ. ಫ್ಲ್ಯಾಶ್ ಬೇಡ. ಕ್ಯಾಮೆರಾ ಇದ್ದವರು ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸುತ್ತಾ ನೋಡಬಹುದು. ಆದರೆ ಗಾಜಿನ ಎದುರು ನೆಟ್ಟಗೆ ನಿಂತರೆ ಅದು ಕೆಲಸಕ್ಕೆ ಬಾರದು. ಎದುರಿನಿಂದ ಸುಮಾರು 55 ಡಿಗ್ರಿ ಪಕ್ಕಕ್ಕೆ ಸರಿದರೆ ಅದರ ಗುಣ ತಿಳಿಯುತ್ತದೆ.

ಅಂಗಡಿಯ ಸೀರೆ ತಪ್ಪಿದರೆ ನಾಳೆ ತೆಗೆಯಬಹುದು. ಮನೆಯ ಗೋಡೆಯ ಮೇಲಿನ ಹಳೆಯ ಫೋಟೋ ಹಾಗಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಓದಿಗೆ, ನೌಕರಿಗೆ ಈ ಊರಿಗೆ ಬಂದ ಹಿರಿಯರ ಚಿತ್ರಗಳು ಇಂದಿಗೂ ಕೆಲವರ ಮನೆಯಲ್ಲಿ ಕಟ್ಟಿನೊಳಗಿವೆ. ತೇವಕ್ಕೆ ಎಷ್ಟೋ ಫೋಟೋಗಳು ಗಾಜಿಗೇ ಅಂಟಿಕೊಂಡಿರುತ್ತವೆ. ಅವನ್ನು ದಯವಿಟ್ಟು ಕಿತ್ತು ತೆಗೆಯಬೇಡಿ, ಮುಖವೇ ಗಾಜಿನ ಜೊತೆ ಎದ್ದು ಬಂದೀತು. ಗಾಜಿನ ಮೂಲಕವೇ ಚಿತ್ರ ತೆಗೆಯಿರಿ.

ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಫೋಟೋವನ್ನು ಗೋಡೆಗೆ ಒರಗಿಸಿಡಿ. ಕೋಣೆಯ ದೀಪ ಆರಿಸಿ. ಕಪ್ಪು ಬಟ್ಟೆಯಲ್ಲಿ ಲೆನ್ಸಿನಷ್ಟು ತೂತು ಮಾಡಿ, ಅದರ ಹಿಂದೆ ನೀವು, ನಿಮ್ಮ ಮೊಬೈಲು. ಗಾಜಿಗೆ ಕಾಣುವುದು ಕಪ್ಪು ಮಾತ್ರ, ನಿಮಗೆ ಕಾಣುವುದು ಫೋಟೋ ಮಾತ್ರ. ಮೊಬೈಲನ್ನು ಓರೆಯಾಗಿಸದೆ ನೇರ ಹಿಡಿಯಿರಿ, ಇಲ್ಲದಿದ್ದರೆ ಮುಖಗಳು ಸೊಟ್ಟಗಾದಾವು.

ವಿಡಿಯೋ ಓಡುತ್ತಿರುವಾಗ ಮನೆಯ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಡದಿಂದ ಯಾರು ಯಾರು, ಯಾವ ಊರು, ಯಾರ ಮದುವೆ ಎಂದು ಕೇಳಿ. ಮುಖ ಉಳಿದು ಹೆಸರು ಅಳಿದರೆ ಮೊಮ್ಮಕ್ಕಳಿಗೆ ಅದು ಯಾರದೋ ಫೋಟೋ. ಈ ಭಾನುವಾರವೇ ಆ ಕಟ್ಟನ್ನು ಗೋಡೆಯಿಂದ ಇಳಿಸಿ.