ಮನಿಲಾದ ಕತ್ತಲ ಓಣಿಗಳು: ಫಿಲಿಪಿನೊ ಭಾಷೆಯಲ್ಲಿ ಬಣ್ಣಿಸುವ ಬಗೆ



ಫಿಲಿಪೀನ್ಸಿನ ರಾಷ್ಟ್ರಭಾಷೆ ಫಿಲಿಪಿನೊ. ಮನಿಲಾ ಸುತ್ತಿನ ಜನರಾಡುವ ತಗಲಾಗ್ ಅದರ ಬುಡ. ಆ ನಗರದ ಕತೆ, ಕಾದಂಬರಿ, ಸಿನಿಮಾಗಳಲ್ಲಿ ರಾತ್ರಿಯ ಓಣಿ ಮತ್ತೆ ಮತ್ತೆ ಬರುತ್ತದೆ. ಆ ಓಣಿಯನ್ನು ಆ ಭಾಷೆಯಲ್ಲೇ ಬಣ್ಣಿಸಲು ಕಲಿಯುವುದೆಂದರೆ ಏನು? ಇವತ್ತು ಅಷ್ಟನ್ನೇ ಹೇಳಬೇಕೆಂದು ಬಂದಿದ್ದೇನೆ.

ಮೊದಲ ವಾಕ್ಯ ಸುಲಭ. ‘ಮದಿಲಿಮ್ ಆಂಗ್ ಎಸ್ಕಿನೀತಾ.’ ಓಣಿ ಕತ್ತಲಾಗಿದೆ, ಅಷ್ಟೆ. ನಾವು ಓಣಿಯನ್ನು ಮುಂದಿಟ್ಟು ಅದರ ಸ್ಥಿತಿಯನ್ನು ಆಮೇಲೆ ಹೇಳುತ್ತೇವೆ. ಅವರು ಕತ್ತಲನ್ನೇ ಮೊದಲು ಹೇಳುತ್ತಾರೆ. ಎಸ್ಕಿನೀತಾ ಅಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೊತ್ತಿ ನಿಲ್ಲಬೇಕಾದಂಥ ಸಂದಿ. ಸ್ಪೇನಿನವರು ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿ ಬಿಟ್ಟುಹೋದ ಪದಗಳಲ್ಲಿ ಇದೂ ಒಂದು. ಹುಡುಗರು ಗುಂಪುಗೂಡಿ ನಿಲ್ಲುವ ತಿರುವಿಗೆ ಹೇಳುವ ‘ಕಾಂತೊ’ ಕೂಡ ಅಲ್ಲಿಂದಲೇ ಬಂದದ್ದು. ಬೀದಿಯ ಹೆಸರುಗಳು ಹೊರಗಿನವು, ಆದರೆ ಕತ್ತಲ ಹೆಸರು ಮಾತ್ರ ನೆಲದ್ದು: ‘ದಿಲಿಮ್’.

ಈ ದಿಲಿಮ್ ಒಂದರಿಂದ ಎಷ್ಟೆಲ್ಲ ಹೊರಡುತ್ತದೆ ನೋಡಿ. ‘ದುಮಿಲಿಮ್’ ಅಂದರೆ ಕತ್ತಲಾಯಿತು. ‘ಪದಿಲಿಮ್ ನಾಂಗ್ ಪದಿಲಿಮ್’ ಅಂದರೆ ಕತ್ತಲು ಗಾಢವಾಗುತ್ತ ಹೋಗುತ್ತಿದೆ. ಕವಿಗಳಿಗೆ ‘ಕರಿಮ್ಲಾನ್’ ಎಂಬ ಗಂಭೀರ ರೂಪವೇ ಬೇರೆ ಇದೆ. ‘ನಗ್‌ದಿಲಿಮ್ ಆಂಗ್ ಪನಿಂಗಿನ್’ ಎಂದರೆ ನೋಟ ಕತ್ತಲಾಯಿತು, ಅಂದರೆ ಸಿಟ್ಟಿನಲ್ಲಿ ಕಣ್ಣು ಕಾಣದಾಯಿತು ಎಂದರ್ಥ. ನನಗೆ ಎಲ್ಲಕ್ಕಿಂತ ಆಪ್ತವಾದದ್ದು ‘ಗಿನಬಿ’. ರಾತ್ರಿ ಎಂಬ ‘ಗಬಿ’ಯ ಒಳಗೆ ‘ಇನ್’ ಎಂಬ ಪ್ರತ್ಯಯ ನುಗ್ಗಿ ಆದ ಕ್ರಿಯಾಪದ ಇದು. ದಾರಿಯಲ್ಲೇ ಹೊತ್ತು ಮುಳುಗಿದವನ ಬಗ್ಗೆ ಹೇಳುವ ಮಾತು. ಅಲ್ಲಿ ರಾತ್ರಿಯೇ ಬಂದು ಮನುಷ್ಯನನ್ನು ಹಿಡಿಯುತ್ತದೆ, ಅವನು ರಾತ್ರಿಗೆ ಸಿಕ್ಕಿಬೀಳುತ್ತಾನೆ.

ಇಷ್ಟು ಬಂದಮೇಲೂ ಓಣಿ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೆ ಎಡ್ಗಾರ್ಡೊ ರೆಯೆಸ್ ಅವರ ಬಳಿ ಹೋಗಬೇಕು. 1966-67ರಲ್ಲಿ ‘ಲಿವೈವೈ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ ಕಾದಂಬರಿ ‘ಸಾ ಮಂಗಾ ಕುಕೊ ನಾಂಗ್ ಲಿವಾನಗ್’. ಬೆಳಕಿನ ಉಗುರುಗಳಲ್ಲಿ ಎಂದು ಅದರ ಅರ್ಥ. ಪರಚುವುದು ಇಲ್ಲಿ ಬೆಳಕು! ಮರಿಂಡುಕೆ ದ್ವೀಪದ ಬಡ ಹುಡುಗ ಹೂಲಿಯೊ, ನಗರಕ್ಕೆ ಬಂದು ಕಾಣೆಯಾದ ಪ್ರೇಯಸಿ ಲಿಗಾಯಾಳನ್ನು ಹುಡುಕಿಕೊಂಡು ಮನಿಲಾಕ್ಕೆ ಬರುತ್ತಾನೆ. ಕಟ್ಟಡದ ಕೂಲಿ ಮಾಡುತ್ತಾನೆ, ಚೀನೀ ಪೇಟೆಯ ಬೀದಿಯಲ್ಲಿ ನಿಂತು ಅವಳಿರಬಹುದಾದ ಮಹಡಿಯ ಕಿಟಕಿಯೊಂದನ್ನು ನೋಡುತ್ತಲೇ ಇರುತ್ತಾನೆ. ಹಳ್ಳಿಯವರನ್ನು ಸೆಳೆಯುವುದು ನಗರದ ದೀಪ, ನುಂಗುವುದೂ ಅದೇ. ಓಣಿಯ ಕತ್ತಲನ್ನು ಬರೆಯಬೇಕಾದರೆ ಅಲ್ಲಿಗೆ ಯಾವ ಬೆಳಕು ಎಲ್ಲಿಂದ ಬೀಳುತ್ತಿದೆ, ಅದರಡಿ ಯಾರು ನಿಂತಿದ್ದಾರೆ ಎಂದು ಬರೆಯಬೇಕು. ರೆಯೆಸ್ ಅವರಿಂದ ನಾನು ಕಲಿತ ಪಾಠ ಅದು.

ಲಿನೊ ಬ್ರೋಕಾ 1975ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದರು, ಕ್ಯಾಮೆರಾ ಹಿಡಿದವರು ಮೈಕ್ ಡಿ ಲಿಯೊನ್. ಚೀನೀ ಪೇಟೆಯ ಬೆಳಗನ್ನು ಕಪ್ಪು-ಬಿಳುಪಿನಲ್ಲಿ ತೋರಿಸುತ್ತಲೇ ಚಿತ್ರ ಬಣ್ಣಕ್ಕೆ ಹೊರಳುತ್ತದೆ. ಕೊನೆಯಲ್ಲಿ ಗುಂಪು ಹೂಲಿಯೊನನ್ನು ಮುಂದೆ ದಾರಿಯಿಲ್ಲದ ಓಣಿಗೆ ಅಟ್ಟುತ್ತದೆ. ಆಗ ದೇಶದಲ್ಲಿ ಅಧ್ಯಕ್ಷ ಮಾರ್ಕೋಸರ ಮಾರ್ಷಲ್ ಲಾ ಇತ್ತು. 1980ರಲ್ಲಿ ಇಷ್ಮಾಯೆಲ್ ಬೆರ್ನಾಲ್ ‘ಮನಿಲಾ ಬೈ ನೈಟ್’ ಮಾಡಿದಾಗ ಸೆನ್ಸಾರಿನವರು ಹೆಸರಿನಿಂದ ಮನಿಲಾವನ್ನೇ ತೆಗೆಸಿದರು, ಚಿತ್ರ ‘ಸಿಟಿ ಆಫ್ಟರ್ ಡಾರ್ಕ್’ ಎಂದಾಗಿ ಬಂತು. ಮಹಾನಗರದ ಗವರ್ನರ್ ಆಗ ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್. ಕತ್ತಲನ್ನು ತೋರಿಸಬಹುದು, ಅದು ಯಾವ ಊರಿನ ಕತ್ತಲೆಂದು ಹೇಳಬಾರದು! ಇದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

2016ರಲ್ಲಿ ರೊಡ್ರಿಗೊ ಡುಟೆರ್ಟೆ ಅಧ್ಯಕ್ಷರಾದ ಮೇಲೆ ಓಣಿಗಳ ಬಣ್ಣನೆ ಕತೆಗಾರರ ಕೈ ಮೀರಿತು. ಮಾದಕ ವಸ್ತುಗಳ ಮೇಲಿನ ಸಮರವೆಂದು ರಾತ್ರಿ ಹೊತ್ತು ಬಡವರ ಓಣಿಗಳಿಗೆ ಪೊಲೀಸರು ನುಗ್ಗಿದರು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಆರು ಸಾವಿರಕ್ಕೂ ಹೆಚ್ಚು. ಪೊಲೀಸ್ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಪದ ‘ನನ್‌ಲಾಬಾನ್’, ತಿರುಗಿಬಿದ್ದ ಎಂದು. ಸತ್ತವನ ಮನೆಯವರ ಬಾಯಲ್ಲಿ ‘ಪಿನಾತಾಯ್’, ಕೊಲ್ಲಲ್ಪಟ್ಟ ಎಂದು. ಎರಡು ವಾಕ್ಯಗಳಲ್ಲೂ ಇರುವವನು ಒಬ್ಬನೇ, ‘ಸಿಯಾ’, ಅವನು. ಮೊದಲನೆಯದರಲ್ಲಿ ಕೈ ಎತ್ತಿದವನೇ ಅವನು. ಎರಡನೆಯದರಲ್ಲಿ, ಗಿನಬಿಯಲ್ಲಿ ರಾತ್ರಿ ಮನುಷ್ಯನನ್ನು ಹಿಡಿಯಿತಲ್ಲ, ಅದೇ ‘ಇನ್’ ಪ್ರತ್ಯಯ ಬಂದು ಅವನನ್ನು ಬೇರೊಬ್ಬರ ಕೈಗೆ ಸಿಕ್ಕವನನ್ನಾಗಿಸುತ್ತದೆ. ಆ ಬೇರೊಬ್ಬರು ಯಾರು ಎಂಬ ಪ್ರಶ್ನೆ ಆಗಲೇ ಏಳುವುದು.

2017ರ ಆಗಸ್ಟಿನಲ್ಲಿ ಮನಿಲಾ ಮಹಾನಗರದ ಕಲೋಕಾನ್‌ನ ಓಣಿಯೊಂದರಲ್ಲಿ 17 ವರ್ಷದ ಶಾಲಾ ಹುಡುಗನನ್ನು ಪೊಲೀಸರು ಕೊಂದರು. ಅವನೇ ಗುಂಡು ಹಾರಿಸಿದನೆಂದರು. ಪೊಲೀಸರು ಅವನನ್ನು ಎಳೆದೊಯ್ಯುವುದನ್ನು ಅಕ್ಕಪಕ್ಕದವರು ಕಂಡಿದ್ದರು, ಬೀದಿಯ ಸಿಸಿಟಿವಿಯೂ ಹಿಡಿದಿತ್ತು. ಕಂಡವರು ನ್ಯಾಯಾಲಯದಲ್ಲಿ ಕಂಡದ್ದನ್ನು ಹೇಳಿದರು. 2018ರ ನವೆಂಬರಿನಲ್ಲಿ ಮೂವರು ಪೊಲೀಸರು ಕೊಲೆಗಾರರೆಂದು ತೀರ್ಪಾಯಿತು.