ದತ್ತಿಯ ನೆಲ
(ಆಕಾಶವಾಣಿ ಭಾಷಣ)

ತಿರುಮಕೂಡಲು ನರಸೀಪುರದ ಸುತ್ತಿನಲ್ಲಿ, ತಲಕಾಡಿನ ಮರಳಿನ ನೆರೆಯಲ್ಲಿ, ದತ್ತಿಶಾಸನಗಳಿಗೆ ಕೊರತೆಯಿಲ್ಲ. ಗದ್ದೆಯ ಎಲ್ಲೆಗಳನ್ನು ಹೇಳಿ, ಪಡೆದವರ ಹೆಸರು ಹೇಳಿ, ಕೊಟ್ಟುದನ್ನು ಕಸಿದವನಿಗೆ ಶಾಪವಿಟ್ಟು ಶಾಸನ ಮುಗಿಯುತ್ತದೆ. ಎಂ.ಎ. ತರಗತಿಗಳಲ್ಲಿ ಅವುಗಳ ಪಾಠ ಹೇಳುತ್ತ ವಯಸ್ಸು ಕಳೆದ ನನಗೆ, ದತ್ತಿಗೆ ಮೊದಲು ಆ ನೆಲವನ್ನು ಉಳುತ್ತಿದ್ದವರು ಯಾರು ಎಂಬ ಪ್ರಶ್ನೆ ಬಹಳ ತಡವಾಗಿ ಹೊಳೆಯಿತು. ಇಂದು ನಾನು ಹೇಳಹೊರಟಿರುವುದು ಕೃಷಿ ವಿಶ್ವವಿದ್ಯಾನಿಲಯದ ವಿಚಾರ. ಅದೂ ಒಂದು ದತ್ತಿಯ ಕಥೆಯೇ.

1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ನರು ಮೊರಿಲ್ ಶಾಸನಕ್ಕೆ ಅಂಕಿತ ಹಾಕಿದರು. (ಕಲ್ಲಿನ ಬರಹಕ್ಕೂ ಕಾನೂನಿಗೂ ನಮ್ಮಲ್ಲಿ ಒಂದೇ ಶಬ್ದವಿರುವುದು ಸೊಗಸು.) ಕಾಂಗ್ರೆಸ್ಸಿನಲ್ಲಿ ತನಗಿರುವ ಒಬ್ಬೊಬ್ಬ ಸದಸ್ಯನ ಲೆಕ್ಕಕ್ಕೆ 30,000 ಎಕರೆಯಂತೆ ಪ್ರತಿ ರಾಜ್ಯಕ್ಕೂ ನೆಲ, ಅದರ ಹುಟ್ಟುವಳಿಯಿಂದ ಬೇಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜು. ದುಡಿಯುವವರ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದುದು ಸಣ್ಣ ಸಂಗತಿಯಲ್ಲ. ಆದರೆ ಆ ನೆಲ ಯಾರದು? 2020ರಲ್ಲಿ ಅಲ್ಲಿನ ಪತ್ರಕರ್ತರೂ ಇತಿಹಾಸಕಾರರೂ ಹಳೆಯ ಕಡತಗಳನ್ನು ಶೋಧಿಸಿ, ಒಂದು ಕೋಟಿಗೂ ಮೀರಿದ ಎಕರೆಗಳು ಸುಮಾರು 250 ಮೂಲನಿವಾಸಿ ಬುಡಕಟ್ಟುಗಳಿಂದ ಒಪ್ಪಂದದ ಹೆಸರಿನಲ್ಲೋ ಬಲಾತ್ಕಾರದಿಂದಲೋ ಬಂದುವೆಂದು ತೋರಿಸಿದರು.

ಮೈಸೂರು ಸಂಸ್ಥಾನದ ದತ್ತಿ ಚಿಕ್ಕದು, ಸೌಮ್ಯವಾದುದು. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಪ್ರಯೋಗಕ್ಷೇತ್ರಕ್ಕೆ ಅಡಿಪಾಯ ಹಾಕಿದರು. ರಸಾಯನಶಾಸ್ತ್ರಜ್ಞ ಲೇಮನ್ನರು, ಅನಂತರ ಕೆನಡಾದ ಲೆಸ್ಲಿ ಕೋಲ್ಮನ್ನರು ಅದನ್ನು ಬೆಳೆಸಿದರು. 1913ರಲ್ಲಿ ಕೃಷಿಶಾಲೆ, 1946ರಲ್ಲಿ ಕಾಲೇಜು. ಅಮೆರಿಕದ ಮಾದರಿ 1960ರಲ್ಲಿ ಪಂತನಗರಕ್ಕೆ ಬಂದು, 1964ರಲ್ಲಿ ಬೆಂಗಳೂರಿನಲ್ಲಿಯೂ ನೆಲೆಗೊಂಡಿತು. ಡಾ. ಕೆ. ಸಿ. ನಾಯಕರು ಮೊದಲ ಉಪಕುಲಪತಿಗಳು; ಟೆನ್ನೆಸ್ಸೀ ವಿಶ್ವವಿದ್ಯಾನಿಲಯದ ನೆರವೂ ಇತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಹೊಣೆ. ಪ್ರಯೋಗಶಾಲೆಯಲ್ಲಿ ತಿಳಿದುದನ್ನು ಹೊಲಕ್ಕೆ ಒಯ್ಯುವುದು ವಿಸ್ತರಣೆ. ಹೊಲದ ಕಷ್ಟವನ್ನು ಪ್ರಯೋಗಶಾಲೆಗೆ ತರುವುದೂ ಅದರ ಅರ್ಧ. ಈ ಎರಡನೆಯ ಅರ್ಧವನ್ನು ನಾವು ಬೇಗ ಮರೆಯುತ್ತೇವೆ.

ಒಯ್ದುದಂತೂ ನಿಜ. ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಪಡೆದ ಇಂಡಾಫ್ ತಳಿಗಳನ್ನು ಉಣ್ಣದ ಮನೆ ಈ ಸೀಮೆಯಲ್ಲಿ ವಿರಳ. ನರಸೀಪುರದ ಬಳಿ ನನ್ನ ಸೋದರಮಾವನವರು ರತ್ನಚೂಡಿ ಬಿಟ್ಟು ಹೊಸ ಭತ್ತ ಹಾಕಿದ ವರ್ಷ ಕಣಜ ತುಂಬಿತು. ಅನ್ನಕ್ಕೆ ಹಳೆಯ ರುಚಿಯಿಲ್ಲವೆಂದು ಅತ್ತೆಯವರು ಗೊಣಗಿದರು. ಇಬ್ಬರ ಮಾತೂ ಸರಿಯೇ.

ನಂಜನಗೂಡಿನ ನಮ್ಮ ತೋಟದ ಕಥೆ ಬೇರೆ. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಹುಡುಗ, ರಸಬಾಳೆಯ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದವು, ದಿಂಡು ಸೀಳಿತು. ನೋಡಲು ಬಂದ ಅಧಿಕಾರಿಯೊಬ್ಬರು ಬುಡವನ್ನು ಕತ್ತರಿಸಿ ಒಳಗಿನ ಕಂದುಗೆಂಪು ಗೆರೆಗಳನ್ನು ತೋರಿಸಿ, "ಯಜಮಾನರೆ, ಇದಕ್ಕೆ ಮದ್ದಿಲ್ಲ. ರೋಗ ಮಣ್ಣಿನಲ್ಲೇ ಇದೆ. ಹತ್ತಾರು ವರ್ಷ ಇರುತ್ತದೆ" ಎಂದರು. ಅವರು ಹೋದ ಮೇಲೆ ಅಪ್ಪ, "ಮದ್ದಿಲ್ಲ ಅಂತ ಹೇಳೋಕೂ ಓದಿರಬೇಕು ಕಣೋ" ಎಂದು, ಮರುವರ್ಷ ಅಲ್ಲಿ ಭತ್ತ ನೆಟ್ಟರು. ಅದು ಪನಾಮಾ ರೋಗವೆಂದು ನಾನು ಬಳಿಕ ಓದಿ ತಿಳಿದೆ. ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯುವ ವೇಳೆಗೆ ಅದು ದೇವರಸನಹಳ್ಳಿಯಂಥ ಕೆಲವೇ ಊರುಗಳಲ್ಲಿ ಉಳಿದಿತ್ತು.

ಇಷ್ಟರ ನಡುವೆ ವಿಶ್ವವಿದ್ಯಾನಿಲಯ ಒಡೆಯುತ್ತ ಬಂದಿತು. 1986ರಲ್ಲಿ ಧಾರವಾಡ ಬೇರೆಯಾಯಿತು. ಕಪ್ಪು ಎರೆಯ ನಾಡಿಗೆ ತನ್ನದೇ ವಿಶ್ವವಿದ್ಯಾನಿಲಯ ಬೇಕೆಂದುದು ನ್ಯಾಯವೇ. ಮುಂದೆ ಪಶುವೈದ್ಯಕ್ಕೆ ಬೀದರ್, 2008ರಲ್ಲಿ ರಾಯಚೂರು, ತೋಟಗಾರಿಕೆಗೆ ಬಾಗಲಕೋಟೆ, ಆಮೇಲೆ ಶಿವಮೊಗ್ಗ. 2025ರಲ್ಲಿ ಮಂಡ್ಯಕ್ಕೂ ಒಂದು ಎಂದು ಶಾಸನಸಭೆಗೆ ಮಸೂದೆ ಬಂದಾಗ ವಾದ ಮತ್ತೆ ಕಾವೇರಿತು. ಹತ್ತಿರವಾದರೆ ಒಳ್ಳೆಯದೆಂದು ಕೆಲವರು, ಇರುವ ಹುದ್ದೆಗಳೇ ಖಾಲಿಯಿರುವಾಗ ಇದೇಕೆಂದು ಕೆಲವರು. ಪ್ರದೇಶವಾರು ವಿಭಜನೆಯನ್ನು ನಾನು ಒಪ್ಪಬಲ್ಲೆ. ವಿಷಯವಾರು ವಿಭಜನೆಯನ್ನು ಒಪ್ಪಲಾರೆ. ಎರಡು ಎಕರೆಯ ರೈತನಿಗೆ ಹಸು, ಬಾಳೆ, ಭತ್ತ ಒಂದೇ ಸಂಸಾರ. ಹಸುವಿಗೆ ಬೀದರ್, ಬಾಳೆಗೆ ಬಾಗಲಕೋಟೆ, ಭತ್ತಕ್ಕೆ ಬೆಂಗಳೂರು ಎಂದು ಯಾರೋ ದೂರದಲ್ಲಿ ಪಾಲು ಮಾಡಿದ್ದಾರೆ. ತೋಟಗಾರಿಕೆಯ ಕಾಲೇಜೊಂದು ಮೈಸೂರಿನಲ್ಲಿಯೂ ಇದೆ, ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅವುಗಳ ಉಪಕಾರವನ್ನು ಮರೆಯಬಾರದು. ಆದರೂ ಮಣ್ಣಿನ ರೋಗವನ್ನು ಭತ್ತದವರೂ ಬಾಳೆಯವರೂ ಒಟ್ಟಿಗೆ ಕುಳಿತು ನೋಡಬೇಕಾಗುತ್ತದೆ. ಅಪ್ಪ ಭತ್ತ ನೆಟ್ಟುದರಿಂದ ಆ ಮಣ್ಣಿಗೆ ಏನಾಯಿತು ಎಂದು ಯಾರೂ ಕೇಳಿಕೊಂಡು ಬರಲಿಲ್ಲ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ನೆಲ ಸುಮಾರು 1,300 ಎಕರೆ. ಸುತ್ತಲೂ ನಗರ ಒತ್ತಿಕೊಂಡು ಬಂದಿದೆ. 2010ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದುದು ಹಳೆಯ ಶಾಸನದ ಶಾಪವಾಕ್ಯದಂತೆಯೇ ನನಗೆ ಕಾಣುತ್ತದೆ. ಶಾಪಕ್ಕೆ ಹೆದರುವವರು ಈಗ ಕಡಮೆ.

ಮೊನ್ನೆ ಊರಿಗೆ ಹೋಗಿದ್ದೆ. ತಮ್ಮನ ಮಗ ಅದೇ ತೋಟದ ಮೂಲೆಯಲ್ಲಿ ಅಂಗಾಂಶ ಕೃಷಿಯ ನಲವತ್ತು ರಸಬಾಳೆ ಸಸಿ ನೆಟ್ಟಿದ್ದಾನೆ; ಐದು ತಿಂಗಳಾಗಿದೆಯಂತೆ. "ದೊಡ್ಡಪ್ಪ, ಕೆಳಗಿನ ಎಲೆ ಇನ್ನೂ ಹಸಿರಾಗೇ ಐತೆ, ನೋಡಿ" ಎಂದ. ಒಂದೊಂದೇ ಗಿಡದ ಬಳಿ ಬಗ್ಗಿ ನೋಡುತ್ತ ಹೋದೆ. ಎರಡರಲ್ಲಿ ಎಲೆಯ ಅಂಚು ತುಸು ಹಳದಿಯಾಗಿದ್ದಂತೆ ಕಂಡಿತು. ಬಿಸಿಲಿಗೂ ಆಗಿರಬಹುದು.